ಗುರಿಯ ಹಿಂದಿನ ಮಣ್ಣು

ಪುಣೆಯ ಅಪ್ಪ-ಅಮ್ಮಂದಿರಿಗೆ 2024ರ ಆಗಸ್ಟ್‌ನಲ್ಲಿ ಒಂದು ಜ್ವರ ಬಂತು. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಸೊಸೈಟಿಯೊಂದರಿಂದಲೇ ಮೂರು ಮಕ್ಕಳು ಶೂಟಿಂಗ್ ಕ್ಲಾಸಿಗೆ ಸೇರಿದವು. ಅದರಲ್ಲಿ ನನ್ನ ಮಗಳೂ ಒಬ್ಬಳು. ಶನಿವಾರ ಬೆಳಿಗ್ಗೆ ಅವಳನ್ನು ಬಿಟ್ಟು, ಗಾಜಿನಾಚೆ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವುದು ನನ್ನ ಪಾಲಿನ ಸೇವೆ. ಬೇರೆ ಪೋಷಕರು ಮಕ್ಕಳ ಸ್ಕೋರ್ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಮೊದಲ ದಿನದಿಂದಲೂ ಟಾರ್ಗೆಟ್ಟಿನ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಏನಿದೆ? ಗುಂಡು ಎಲ್ಲಿ ನಿಲ್ಲುತ್ತದೆ?

ಏರ್ ರೈಫಲ್ಲಿನ ಮಟ್ಟಿಗೆ ಇದು ಸುಲಭದ ಪ್ರಶ್ನೆ. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್, ಏಳೆಂಟು ಜೌಲ್ ಶಕ್ತಿ. ಹಿಂದೆ ಒಂದು ಕಬ್ಬಿಣದ ಡಬ್ಬಿ ಇದ್ದರೆ ಸಾಕು. ಪಾಯಿಂಟ್ 22ಕ್ಕೆ ಬಂದರೆ ಅದು ನೂರನಲವತ್ತು ಜೌಲ್ ಸುಮಾರು ಆಗುತ್ತದೆ. ನಮ್ಮ ಪೊಲೀಸರು ದಶಕಗಳ ಕಾಲ ಹೆಗಲಿಗೆ ಹಾಕಿಕೊಂಡು ತಿರುಗಿದ ಪಾಯಿಂಟ್ 303ರಲ್ಲಿ ಮೂರು ಸಾವಿರ ದಾಟುತ್ತದೆ. ಚಿಕ್ಕದೆಂದು ಕರೆಸಿಕೊಳ್ಳುವ ಪಾಯಿಂಟ್ 22ರ ಗುಂಡು ಕೂಡ, ತಡೆಯುವವರು ಇಲ್ಲದಿದ್ದರೆ, ಒಂದೂವರೆ ಮೈಲಿಯವರೆಗೆ ಹೋಗಬಲ್ಲದು. ಬಾಲೇವಾಡಿಯಿಂದ ಹೊರಟರೆ ಔಂಧ್ ದಿಕ್ಕಿನಲ್ಲಿ ಎಷ್ಟು ಬಾಲ್ಕನಿಗಳು ಸಿಗುತ್ತವೆ ಎಂದು ಲೆಕ್ಕ ಹಾಕಿ.

ಈ ಯೋಚನೆ ತಲೆಯಲ್ಲಿ ಓಡುತ್ತಿರುವಾಗಲೇ ಊರಿನಿಂದ ಚಿಕ್ಕಪ್ಪನ ಮಗನ ಫೋನ್ ಬಂತು. ಅವನು ಕೋವಿಡ್ ಸಮಯದಲ್ಲಿ ಬೆಂಗಳೂರು ಬಿಟ್ಟು ಸಕಲೇಶಪುರದ ಹತ್ತಿರದ ನಮ್ಮ ತೋಟಕ್ಕೆ ವಾಪಸಾದವನು. ಹಂದಿ ಕಾಟ, ಬೆಳೆ ರಕ್ಷಣೆಗೆ ಅಪ್ಪನ ಹೆಸರಿನಲ್ಲಿರುವ ಕೋವಿ, ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಅರ್ಜಿ, ಇವೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬಂದ. "ಅಣ್ಣ, ಗದ್ದೆ ಬಯಲಲ್ಲಿ ಪ್ರಾಕ್ಟೀಸ್ ಮಾಡೋಕೆ ಒಂದು ತಡೆ ಬೇಕು. ಚಕ್ರ ಹಾಕಿ ಟ್ರ್ಯಾಕ್ಟರಲ್ಲಿ ಎಳ್ಕೊಂಡು ಹೋಗೋ ಥರ. ಬೇಸಿಗೇಲಿ ಒಂದು ಕಡೆ, ಮಳೇಲಿ ಒಂದು ಕಡೆ. ನೀನು ಎಂಟೆಕ್ ಮಾಡ್ದೋನು, ಒಂದು ಡಿಸೈನ್ ಹಾಕ್ಕೊಡು."

ನಾನು ಎಂಟೆಕ್ ಮಾಡಿದ್ದು ಸ್ಟ್ರಕ್ಚರಲ್ ಇಂಜಿನಿಯರಿಂಗ್‌ನಲ್ಲಿ. ಕಳೆದ ಹದಿನೆಂಟು ವರ್ಷಗಳಿಂದ ಮಾಡುತ್ತಿರುವುದು ಜೀರಾ ಟಿಕೆಟ್ ಎಣಿಸುವ ಕೆಲಸ. ಯಾರಾದರೂ ಡಿಸೈನ್ ಕೇಳಿದರೆ ಖುಷಿಯಾಗುತ್ತದೆ, ಅದಕ್ಕೆ ಎಕ್ಸೆಲ್ ತೆರೆದೆ. ಆದರೆ ಅವನು ಹೇಳಿದ ಜಾಗದ ಹೆಸರು ಕೇಳಿ ಕೈ ನಿಂತಿತು. ಹಾಸುಬಂಡೆ ಗದ್ದೆ. ಆ ಗದ್ದೆಯ ಕಥೆ ಅವನಿಗೆ ಗೊತ್ತಿಲ್ಲ, ಅವನಾಗ ಹುಟ್ಟಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ತಡೆ ಎಂಬ ವಸ್ತುವಿನ ಚರಿತ್ರೆ. ಅದನ್ನು ಓದಲು ಶುರು ಮಾಡಿದವನಿಗೆ ಎರಡು ತಿಂಗಳ ಶನಿವಾರಗಳು ಹೋದದ್ದು ತಿಳಿಯಲಿಲ್ಲ.

ಕೋವಿಗಿಂತ ಈ ದಿಬ್ಬಕ್ಕೆ ವಯಸ್ಸು ಹೆಚ್ಚು. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ 1363ರಲ್ಲಿ ಗಂಡಸರೆಲ್ಲ ರಜಾದಿನಗಳಲ್ಲಿ ಬಿಲ್ಲುವಿದ್ಯೆ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಊರೂರಲ್ಲಿ ಹುಲ್ಲುಹೆಂಟೆಯ ಮಣ್ಣಿನ ದಿಬ್ಬಗಳು ಎದ್ದವು. ಅವುಗಳಿಗೆ 'ಬಟ್' ಎಂದು ಹೆಸರು. ಕೊವೆಂಟ್ರಿ, ವಾರ್ವಿಕ್‌ಗಳಲ್ಲಿ ಈಗಲೂ ಬಟ್ಸ್ ಎಂಬ ಜಾಗಗಳಿವೆ, ದಿಬ್ಬ ಇಲ್ಲ. ಎಲ್ಲರ ನಗೆಗೂ ಗುರಿಯಾಗುವವನನ್ನು ಇಂಗ್ಲಿಷಿನವರು ಕರೆಯುವ ಪದವೂ ಅಲ್ಲಿಂದಲೇ ಬಂದದ್ದು. ನಮ್ಮ ಭಾಷೆಯಲ್ಲೂ 'ನಗೆಗೆ ಗುರಿಯಾಗುವುದು' ಎಂದೇ ಅನ್ನುತ್ತೇವೆ ನೋಡಿ. ವ್ಯತ್ಯಾಸ ಇಷ್ಟೇ: ಅವರು ಬಾಣ ತಿನ್ನುವ ಮಣ್ಣನ್ನು ಹೇಳಿದರು, ನಾವು ಬಾಣ ಬಿಟ್ಟವನ ಕಣ್ಣಿಗೆ ಕಂಡದ್ದನ್ನು ಹೇಳಿದೆವು.

ಉತ್ತರದಲ್ಲಿ, ಈಶಾನ್ಯದಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಪದ ಗೊತ್ತಿರಬಹುದು: ಚಾಂದಮಾರಿ. ಗುವಾಹಟಿಯಲ್ಲಿ ಚಾಂದಮಾರಿ ಇದೆ, ಐಜಾಲ್‌ನಲ್ಲಿದೆ, ಗ್ಯಾಂಗ್‌ಟಾಕ್‌ನಲ್ಲಿದೆ, ಬಿಹಾರದ ಮೋತಿಹಾರಿಯಲ್ಲಿದೆ. ಹಿಂದಿಯಲ್ಲಿ ಅದರ ಅರ್ಥ ಗುರಿ ಹೊಡೆಯುವ ಅಭ್ಯಾಸ, ಅದು ನಡೆಯುವ ಮೈದಾನ. ಚಾಂದ್ ಎಂದರೆ ಬೋರ್ಡಿನ ಮೇಲಿನ ದುಂಡನೆಯ ಗುರುತು. ನಾನು ಗುವಾಹಟಿಯಲ್ಲಿ ಆರು ತಿಂಗಳ ಪ್ರಾಜೆಕ್ಟಿಗೆ ಹೋಗಿದ್ದಾಗ ಚಾಂದಮಾರಿ ಫ್ಲೈಓವರ್ ಕೆಳಗೆ ದಿನಾ ಚಹಾ ಕುಡಿಯುತ್ತಿದ್ದೆ, ಹೆಸರೇಕೆ ಎಂದು ಕೇಳಿರಲಿಲ್ಲ. ಊರಾಚೆ ಇದ್ದದ್ದು ಊರೊಳಗೆ ಬಂದ ಕಥೆ ಈ ಹೆಸರುಗಳಲ್ಲಿ ಉಳಿದಿದೆ.

ಹಾಗೆ ಊರೊಳಗೆ ಸಿಕ್ಕಿಕೊಂಡ ಮೈದಾನಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ನ್ಯೂಯಾರ್ಕಿನ ಕ್ರೀಡ್‌ಮೂರ್, ಏಕೆಂದರೆ ಅದು ಮೊದಲು ಹೊಲವಾಗಿತ್ತು. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿದ್ದು 1871ರಲ್ಲಿ. ಇವತ್ತಿನ ರಾಜಕೀಯ ಆಗ ಅದಕ್ಕಿರಲಿಲ್ಲ. ಅಂತರ್ಯುದ್ಧದಲ್ಲಿ ತಮ್ಮ ಸೈನಿಕರು ಗುರಿ ತಪ್ಪಿ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದ ವಿಲಿಯಂ ಚರ್ಚ್, ಜಾರ್ಜ್ ವಿಂಗೇಟ್ ಎಂಬಿಬ್ಬರು ಮುಂದಾಗಿ ಕಟ್ಟಿದ ಸಂಸ್ಥೆ ಅದು. ಅಭ್ಯಾಸಕ್ಕೆ ಜಾಗ ಬೇಕಾಯಿತು. 1872ರಲ್ಲಿ, ಸರ್ಕಾರ ಕೊಟ್ಟ ಹಣದಲ್ಲಿ, ಲಾಂಗ್ ಐಲೆಂಡಿನಲ್ಲಿ ರೈಲ್ವೆ ಕಂಪನಿಯ ಕೈಗೆ ಬಂದಿದ್ದ ಕ್ರೀಡ್ ಮನೆತನದ ಹೊಲವನ್ನು ಕೊಂಡರು. ಸಮತಟ್ಟಾದ ಭೂಮಿ. ರೇಂಜ್ ಅಳೆಯುವುದಕ್ಕೆ ಚೆನ್ನ, ಗುಂಡು ನಿಲ್ಲಿಸುವುದಕ್ಕೆ ಕೆಟ್ಟದ್ದು. ಗುಡ್ಡ ಇಲ್ಲದ ಕಡೆ ಗುಡ್ಡ ಕಟ್ಟಬೇಕು. ಉದ್ದನೆಯ ಮಣ್ಣಿನ ಏರಿ ಹಾಕಿ, ಮುಂದೆ ಕಬ್ಬಿಣದ ಟಾರ್ಗೆಟ್ ನಿಲ್ಲಿಸಿ 1873ರಲ್ಲಿ ಶುರು ಮಾಡಿದರು.

ಮರುವರ್ಷದ ಸೆಪ್ಟೆಂಬರ್ 26ಕ್ಕೆ ಅಲ್ಲಿ ಐರ್ಲೆಂಡಿನ ತಂಡದ ಜೊತೆ ಪಂದ್ಯ. 800, 900, 1,000 ಗಜ ದೂರ. ಸಾವಿರಾರು ಜನ ಸೇರಿದ್ದರು. ಐರಿಷರ ಕೈಯಲ್ಲಿ ಬಾಯಿಂದ ಮದ್ದು ತುಂಬುವ ರಿಗ್ಬಿ ಕೋವಿಗಳು, ಅಮೆರಿಕನ್ನರ ಕೈಯಲ್ಲಿ ಹಿಂದಿನಿಂದ ತೋಟಾ ಹಾಕುವ ರೆಮಿಂಗ್ಟನ್, ಶಾರ್ಪ್ಸ್. ಐರಿಷ್ ತಂಡದ ಮಿಲ್ನರ್ ಎಂಬಾತ ಒಂದು ಗುಂಡನ್ನು ಸರಿಯಾಗಿ ನಡುಮಧ್ಯಕ್ಕೆ ಹೊಡೆದ, ಆದರೆ ಪಕ್ಕದವರ ಟಾರ್ಗೆಟ್ಟಿನ ನಡುಮಧ್ಯಕ್ಕೆ! ಆ ಗುಂಡಿಗೆ ಸೊನ್ನೆ. ಕೊನೆಯ ಗುಂಡು ಕರ್ನಲ್ ಬೊಡೈನ್ ಅವರದು. ಅದಕ್ಕೆ ಸ್ವಲ್ಪ ಮುಂಚೆ ಜಿಂಜರ್ ಬಿಯರ್ ಬಾಟಲಿ ಒಡೆದು ಅವರ ಕೈ ಕೊಯ್ದಿತ್ತು. ಕರವಸ್ತ್ರ ಸುತ್ತಿಕೊಂಡು ಹೊಡೆದರು, ಬಿತ್ತು. 934ಕ್ಕೆ 931. ಕ್ರಿಕೆಟ್ ಕಥೆ ಹೇಳುವ ಹಾಗೆ ಆ ದೇಶದಲ್ಲಿ ಈ ಕಥೆಯನ್ನು ಹೇಳುತ್ತಾರೆ. ನನಗೆ ಮಾತ್ರ ಮಿಲ್ನರ್‌ನ ಗುಂಡೇ ಮನಸ್ಸಿನಲ್ಲಿ ಉಳಿಯಿತು. ಅಂಥ ಪಳಗಿದ ಕೈಯವನೂ ತಾನು ಹೊಡೆಯಬೇಕಾದ್ದನ್ನು ಬಿಟ್ಟು ಬೇರೆಯದನ್ನು ಹೊಡೆದ. ದಿಬ್ಬ ಉದ್ದಕ್ಕೆ ಇತ್ತು, ಆದ್ದರಿಂದ ಅದು ನಗೆಯ ಕಥೆಯಾಗಿ ಉಳಿಯಿತು.

ಮುಂದೆ ಆದದ್ದು ನಮಗೆಲ್ಲ ಪರಿಚಿತ. ರೈಲು ಬಂತು, ನಗರ ಬೆಳೆಯಿತು, ಸುತ್ತ ಮನೆಗಳೆದ್ದವು, ಶಬ್ದ ಮತ್ತು ಅಪಾಯದ ದೂರುಗಳು ಶುರುವಾದವು. 1890ರಲ್ಲಿ ಸಂಸ್ಥೆ ಜಾಗವನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿತು. 1912ರಲ್ಲಿ ಅಲ್ಲಿ ಮಾನಸಿಕ ಆಸ್ಪತ್ರೆ ಬಂತು. ಇಂದು ಆ ಬಡಾವಣೆಯಲ್ಲಿ ವಿಂಚೆಸ್ಟರ್ ಬೂಲೆವಾರ್ಡ್, ಮಸ್ಕೆಟ್ ಸ್ಟ್ರೀಟ್, ಸೇಬರ್ ಸ್ಟ್ರೀಟ್ ಎಂಬ ಹೆಸರುಗಳಷ್ಟೇ ಇವೆ. ಇಂಗ್ಲೆಂಡಿನಲ್ಲೂ ಅದೇ ಹಾಡು. ಲಂಡನ್ ಅಂಚಿನ ವಿಂಬಲ್ಡನ್ ಬಯಲಿನಲ್ಲಿ 1860ರಲ್ಲಿ ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಿ ಉದ್ಘಾಟಿಸಿದ ವಾರ್ಷಿಕ ಪಂದ್ಯ (ಕೋವಿಯನ್ನು ಮೊದಲೇ ಗುರಿಯಿಟ್ಟು ಸ್ಟ್ಯಾಂಡಿಗೆ ಬಿಗಿದಿದ್ದರು, ರಾಣಿ ರೇಷ್ಮೆ ದಾರ ಎಳೆದದ್ದಷ್ಟೇ) 1890ಕ್ಕೆ ಬಿಸ್ಲಿಗೆ ಎದ್ದು ಹೋಯಿತು. 1888ರಲ್ಲಿ ಬ್ರಿಟಿಷ್ ಸೈನ್ಯ ಪಾಯಿಂಟ್ 303ರ ಲೀ-ಮೆಟ್‌ಫರ್ಡ್ ತಂದಿತ್ತು. ಕೋವಿಯ ಕೈ ಉದ್ದವಾಯಿತು, ಬಯಲು ಅಷ್ಟೇ ಉಳಿಯಿತು.

ಭಾರತದಲ್ಲಿ ಈ ಪ್ರಶ್ನೆಗೆ ಬೇರೆಯದೇ ಉತ್ತರ ಕಂಡುಕೊಂಡರು: ದಿಬ್ಬ ಕಟ್ಟುವ ಬದಲು ಜನರನ್ನೇ ಎಬ್ಬಿಸುವುದು. 1938ರ ಕಾಯ್ದೆಯೊಂದರ ಪ್ರಕಾರ ಸರ್ಕಾರ ಹಳ್ಳಿ, ಹೊಲಗಳನ್ನು ಫೀಲ್ಡ್ ಫೈರಿಂಗ್ ರೇಂಜ್ ಎಂದು ಅಧಿಸೂಚನೆ ಹೊರಡಿಸಬಹುದು. ಅಭ್ಯಾಸದ ದಿನಗಳಲ್ಲಿ ಜನ ಜಾಗ ಖಾಲಿ ಮಾಡಬೇಕು, ಹಾನಿಗೆ ಪರಿಹಾರ. ಜಾರ್ಖಂಡಿನ ನೇತರ್‌ಹಾಟ್‌ನಲ್ಲಿ 245 ಹಳ್ಳಿಗಳ ಆದಿವಾಸಿಗಳು ಇದರ ವಿರುದ್ಧ 1994ರಿಂದ ಹೋರಾಡಿದರು. 2022ರಲ್ಲಿ ರಾಜ್ಯ ಸರ್ಕಾರ ಅಧಿಸೂಚನೆಯನ್ನು ಮುಂದುವರಿಸದಿರಲು ತೀರ್ಮಾನಿಸಿತು. ಇಪ್ಪತ್ತೆಂಟು ವರ್ಷ! ನಾವು ಎರಡು ವಾರ ತಡವಾದರೆ ಎಸ್ಕಲೇಷನ್ ಮೇಲ್ ಬರೆಯುವ ಜನ.

ಸರಿ, ತಮ್ಮ ಕೇಳಿದ್ದು ಎಳೆದುಕೊಂಡು ಹೋಗುವ ತಡೆ. ಅದಕ್ಕೂ ಹಳೆಯ ವಂಶಾವಳಿಯಿದೆ, ಮತ್ತು ಅದು ನಮ್ಮ ನೆಲಕ್ಕೇ ಬರುತ್ತದೆ. ಕೋಟೆ ಮುತ್ತುವ ಸೈನ್ಯಕ್ಕೆ ನೂರಾರು ವರ್ಷಗಳಿಂದ ಇದೇ ತಲೆನೋವು. ತೆರೆದ ಬಯಲಿನಲ್ಲಿ ಮುಂದೆ ಹೋಗಬೇಕು, ಎದುರಿನಿಂದ ಗುಂಡು ಬರುತ್ತದೆ, ಗೋಡೆಯನ್ನು ಹೊತ್ತುಕೊಂಡು ನಡೆಯಲಾಗದು. ಅವರು ಕಂಡುಕೊಂಡ ಉಪಾಯ ಬುಟ್ಟಿ. ಗೇಬಿಯನ್ ಎಂಬ, ತಳವಿಲ್ಲದ, ಹೆಣೆದ ದೊಡ್ಡ ಬುಟ್ಟಿ. ಇಟಲಿಯವರ ಮಾತಿನಲ್ಲಿ ಅದರ ಮೂಲಾರ್ಥ ದೊಡ್ಡ ಪಂಜರ. ಖಾಲಿ ಬುಟ್ಟಿಯನ್ನು ಒಬ್ಬ ಹೊರಬಹುದು. ಇಟ್ಟ ಜಾಗದಲ್ಲೇ ಕಂದಕ ತೋಡಿದ ಮಣ್ಣನ್ನು ಅದಕ್ಕೆ ತುಂಬಿದರೆ ಗೋಡೆ. ಕಂದಕದ ತುದಿಯಲ್ಲಿ ತೋಡುವವನ ಮುಂದೆ ಇನ್ನೂ ದೊಡ್ಡ ಬುಟ್ಟಿಯೊಂದನ್ನು ಕಟ್ಟಿಗೆಯ ಹೊರೆಗಳಿಂದ ಗಿಡಿದು, ಅಡ್ಡ ಮಲಗಿಸಿ, ಉರುಳಿಸಿಕೊಂಡು ಹೋಗುತ್ತಿದ್ದರು. ಅದಕ್ಕೆ ಸ್ಯಾಪ್ ರೋಲರ್ ಎಂದು ಹೆಸರು. ಚಕ್ರದ ಬ್ಯಾಕ್‌ಸ್ಟಾಪ್ ಎಂದರೆ ಅದೇ!

1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಎದುರು ಕಂಪನಿ ಸೈನ್ಯ ಇಂಥ ಬುಟ್ಟಿ, ಕಟ್ಟಿಗೆಹೊರೆ, ಮರಳಚೀಲಗಳನ್ನು ಇಟ್ಟುಕೊಂಡೇ ಕಂದಕ ತೋಡುತ್ತ ಕಾವೇರಿಯವರೆಗೆ ಬಂದದ್ದು. ಮೇ 4ರಂದು ಕೋಟೆ ಬಿತ್ತು. ನಾವು ಶಾಲೆಯಲ್ಲಿ ಓದಿದ್ದು ಟಿಪ್ಪುವಿನ ರಾಕೆಟ್ಟು, ಮೀರ್ ಸಾದಿಕನ ದ್ರೋಹ. ಬುಟ್ಟಿಯ ಮಾತು ಯಾವ ಪಾಠದಲ್ಲೂ ಇರಲಿಲ್ಲ. ಆ ಕೆಲಸ ಮಾಡಿದ ಮದ್ರಾಸ್ ಪಯೊನೀರ್‌ಗಳ ಪರಂಪರೆಯ ಮದ್ರಾಸ್ ಸ್ಯಾಪರ್ಸ್ ಈಗ ಇರುವುದು ಬೆಂಗಳೂರಿನ ಹಲಸೂರಿನಲ್ಲಿ. ಕೆರೆಯ ಸುತ್ತ ವಾಕಿಂಗ್ ಹೋಗುವಾಗ ಆ ಗೋಡೆಯನ್ನು ಎಷ್ಟು ಸಲ ನೋಡಿಲ್ಲ ನಾವು.

ಇನ್ನೂರು ವರ್ಷಗಳಲ್ಲಿ ಬುಟ್ಟಿ ಬದಲಾದದ್ದು ಸ್ವಲ್ಪವೇ. 1989ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜಿಮಿ ಹೆಸೆಲ್ಡನ್ ಎಂಬ ಮಾಜಿ ಕಲ್ಲಿದ್ದಲು ಗಣಿಕಾರ್ಮಿಕ ತಂತಿಬಲೆಯ ಪೆಟ್ಟಿಗೆಗೆ ಒಳಗಡೆ ಬಟ್ಟೆ ಹಾಕಿ, ಮಡಚಿ ಸಾಗಿಸುವಂತೆ ಮಾಡಿದರು. ಉದ್ದೇಶ ಇದ್ದದ್ದು ಪ್ರವಾಹ ಮತ್ತು ದಡದ ಕೊರೆತ ತಡೆಯುವುದು. 1991ರ ಕೊಲ್ಲಿ ಯುದ್ಧದಲ್ಲಿ ಸೈನ್ಯದ ಕೈಗೆ ಸಿಕ್ಕಿ ಹೆಸ್ಕೊ ಎಂಬ ಹೆಸರಿನಲ್ಲಿ ಮರುಭೂಮಿಗಳ ತುಂಬ ಹರಡಿತು. ಮಡಚಿದ್ದನ್ನು ಒಯ್ಯಿ, ಬಿಚ್ಚಿ ನಿಲ್ಲಿಸು, ಅಲ್ಲಿನ ಮಣ್ಣು ತುಂಬು. ಮಣ್ಣನ್ನು ಸಾಗಿಸಬೇಡ. ಶ್ರೀರಂಗಪಟ್ಟಣದ ಸೂತ್ರವೇ.

ಈಗ ನನ್ನ ಎಕ್ಸೆಲ್. ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ, ಅರವತ್ತು ಸೆಂಟಿಮೀಟರ್ ದಪ್ಪದ ಮರಳಿನ ಪೆಟ್ಟಿಗೆ ಎಂದರೆ 2.4 ಘನ ಮೀಟರ್. ಮರಳು ಘನ ಮೀಟರಿಗೆ ಸುಮಾರು 1.6 ಟನ್. ಹತ್ತಿರ ಹತ್ತಿರ ನಾಲ್ಕು ಟನ್. ಮಳೆಗಾಲದ ಗದ್ದೆಯಲ್ಲಿ ಇದನ್ನು ಚಕ್ರದ ಮೇಲೆ ಎಳೆಯುತ್ತೇನೆ ಎನ್ನುವವನು ಟ್ರ್ಯಾಕ್ಟರನ್ನು ಎತ್ತಲು ಇನ್ನೊಂದು ಟ್ರ್ಯಾಕ್ಟರ್ ತರಬೇಕು. ತೂಕ ಕಡಿಮೆ ಮಾಡೋಣವೆಂದು ದಪ್ಪ ಕಬ್ಬಿಣದ ಹಲಗೆ ಹಾಕಿದರೆ, ಗುಂಡು ಬಿದ್ದು ಬಿದ್ದು ಅದರಲ್ಲಿ ಗುಳಿಯಾಗುತ್ತದೆ, ಗುಳಿಯಿಂದ ಚೂರು ಹೊಡೆದವನ ಕಡೆಗೇ ಮರಳುತ್ತದೆ. ಮರಳಿಗೂ ಅದರದೇ ಕಾಯಿಲೆಗಳಿವೆ. ಎಲ್ಲರೂ ನಡುವಿಗೇ ಹೊಡೆಯುವುದರಿಂದ ನಡುವಿನ ಹಲಗೆ ಸವೆದು ಮರಳು ಸೋರುತ್ತದೆ. ಸೋರಿದಷ್ಟೂ ಮೇಲ್ಗಡೆ ಪೆಟ್ಟಿಗೆ ಖಾಲಿ, ಹೊರಗಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ. ಸೀಸ ಒಂದೇ ಕಡೆ ಸೇರಿ ಗಟ್ಟಿಯಾದರೆ ಅದೇ ಕಲ್ಲಿನ ಹಾಗೆ ಗುಂಡನ್ನು ತಿರುಗಿಸುತ್ತದೆ. ಆಗಾಗ ಜರಡಿ ಹಿಡಿಯಬೇಕು. ಗದ್ದೆಯ ನೀರಿಗೆ ಆ ಸೀಸ ಸೇರಬಾರದು ಎಂಬುದು ಬೇರೆ.

ಓದುವಾಗ ಒಂದು ಸೋಜಿಗವೂ ಸಿಕ್ಕಿತು. ರೈಫಲ್ ಗುಂಡು ಹತ್ತಿರದಿಂದ, ಅತಿ ವೇಗದಲ್ಲಿ ಮರಳಿಗೆ ಬಿದ್ದರೆ ಹೆಚ್ಚು ಆಳಕ್ಕೆ ಹೋಗುವುದಿಲ್ಲ, ಒಡೆದು ಚೂರಾಗುತ್ತದೆ. ಸ್ವಲ್ಪ ದೂರ ಬಂದು ವೇಗ ಇಳಿದ ಗುಂಡು ಮುರಿಯದೆ ಇನ್ನೂ ಒಳಕ್ಕೆ ನುಗ್ಗುತ್ತದೆ. ಸಾವಧಾನಿಯ ಗುಂಡು ಆಳಕ್ಕಿಳಿಯುತ್ತದೆ ಅನ್ನಿ.

ಆದರೆ ಪೆಟ್ಟಿಗೆಯ ದಪ್ಪಕ್ಕಿಂತ ದೊಡ್ಡ ತೊಂದರೆ ಅದರ ಎತ್ತರ. ನಳಿಗೆ ಒಂದೇ ಒಂದು ಡಿಗ್ರಿ ಮೇಲೆದ್ದರೆ 50 ಮೀಟರಿನಲ್ಲಿ ಗುಂಡು 87 ಸೆಂಟಿಮೀಟರ್ ಮೇಲೆ ಹೋಗುತ್ತದೆ. 100 ಮೀಟರಿನಲ್ಲಿ 175. ನಮ್ಮ ಪೆಟ್ಟಿಗೆಯ ನಡುವಿನಿಂದ ಮೇಲಂಚಿಗೆ ಇರುವುದು ಒಂದೇ ಮೀಟರ್. ಬೆವರಿದ ಕೈ, ಸೊಳ್ಳೆ ಕಡಿತ, ಗಾಬರಿಯಲ್ಲಿ ಎಳೆದ ಕುದುರೆ, ಇವುಗಳಲ್ಲಿ ಯಾವುದಕ್ಕಾದರೂ ಒಂದು ಡಿಗ್ರಿ ಏನು ಮಹಾ? ಅಂದರೆ ಎಳೆದೊಯ್ಯುವ ಪೆಟ್ಟಿಗೆ ಸರಿಯಾಗಿ ಹೊಡೆದ ಗುಂಡನ್ನಷ್ಟೇ ಹಿಡಿಯುತ್ತದೆ. ತಪ್ಪಿದ್ದನ್ನು ಹಿಡಿಯಲು ಅದರ ಹಿಂದೆ ಗುಡ್ಡವೇ ಬೇಕು. ನಮ್ಮ ಕಡೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ ಧರೆ ಅನ್ನುತ್ತೇವಲ್ಲ, ಅದು.

ಕೊಡಗಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಾನೂನಿನಿಂದ ಹೊರಗಿಟ್ಟ ದಿನದಿಂದ ಇಂದಿನವರೆಗೂ ಆ ವಿನಾಯಿತಿ ನಡೆದು ಬಂದಿದೆ. ಈಗಿನ ಆದೇಶ 2029ರವರೆಗೆ ಇದೆ. ನಮ್ಮ ಸಕಲೇಶಪುರದವರು ಲೈಸೆನ್ಸ್ ನವೀಕರಣಕ್ಕೆ ಕಚೇರಿ ಅಲೆಯುವಾಗ ಪಕ್ಕದ ಜಿಲ್ಲೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಪಡುವುದುಂಟು. ಕಾಲೇಜಿನ ದಿನಗಳಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ವಿರಾಜಪೇಟೆ ಕಡೆಯ ಗೆಳೆಯನ ಮನೆಗೆ ಹೋಗಿದ್ದೆ. ಆಯುಧಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕಾಯಿ ಇಡುವ ಮೊದಲು ಗೆಳೆಯನ ತಂದೆ ಒಬ್ಬರೇ ಆ ಬರೆಯ ಮೇಲೆ ಹತ್ತಿ, ಆಚೆ ಬದಿಗೆ ಇಳಿದು, ಕಾಫಿ ಗಿಡಗಳ ನಡುವೆ ಯಾರೂ ಇಲ್ಲವೆಂದು ನೋಡಿ ಬಂದರು. ಅಷ್ಟು ದೂರ ಏಕೆ ಹೋದರು ಎಂದು ನಾವು ಹುಡುಗರು ನಕ್ಕೆವು. ನಾನು ಮಾತ್ರ ನಗಲಿಲ್ಲ.

1989ರ ಒಂದು ಮಧ್ಯಾಹ್ನ. ನನಗೆ ಒಂಬತ್ತು. ಭತ್ತ ಹಾಲುಗಟ್ಟುವ ಹೊತ್ತು, ರಾತ್ರಿ ಹಂದಿ ಇಳಿಯುತ್ತಿದ್ದವು. ಚಿಕ್ಕಪ್ಪ ಕೇಪಿನ ಕೋವಿಯನ್ನು ಒರೆಸಿ, ಗುಂಡು ಹಾಕಿ, ಒಂದು ಈಡು ಹೊಡೆದು ನೋಡೋಣವೆಂದರು. "ಏ, ಒಂದು ಗುರಿ ಕಟ್ಟು ಹೋಗು" ಎಂದು ನನ್ನನ್ನು ಕಳಿಸಿದರು. ಡಾಲ್ಡಾ ಡಬ್ಬಿಯ ಮುಚ್ಚಳಕ್ಕೆ ಮೊಳೆ ಹೊಡೆದು ಬೇಲಿಗೂಟಕ್ಕೆ ಸಿಕ್ಕಿಸಿದೆ. ಯಾವ ಗೂಟ ಎಂದು ಅವರು ಹೇಳಿರಲಿಲ್ಲ. ಹಾಸುಬಂಡೆಯ ಎದುರಿನ ಗೂಟವನ್ನು ಆರಿಸಿದ್ದು ನಾನು. ಬಂಡೆಯ ಮೇಲೆ ಬಿಸಿಲು ಬಿದ್ದು ಮುಚ್ಚಳ ಚೆನ್ನಾಗಿ ಕಾಣುತ್ತಿತ್ತು. ಚಿಕ್ಕಪ್ಪ ಹೊಡೆದರು, ಮುಚ್ಚಳ ತೂತಾಯಿತು, ಬಂಡೆಯಿಂದ ಒಂದು ಕಿಡಿ, ಆಮೇಲೆ ಜೀರುಂಡೆಯಂಥ ಶಬ್ದ. ಬಲಕ್ಕೆ, ಮೇಲಿನ ಮನೆಯವರ ಗದ್ದೆ ಬದುವಿನಲ್ಲಿ ಅವರ ಗಬ್ಬದ ಹಸು ಮೇಯುತ್ತಿತ್ತು.

ಮೂರನೆಯ ದಿನ ಅದು ಸತ್ತಿತು. ಚಿಕ್ಕಪ್ಪ ದುಡ್ಡು ಕೊಟ್ಟರು. ಅವರು ತೆಗೆದುಕೊಂಡರು. ಆದರೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು, ಮದುವೆಗಳಿಗೂ. ಹತ್ತು ಹೆಜ್ಜೆ ಆಚೆ ಹಸುವಿನ ಜೊತೆ ಆ ಮನೆಯ ಮುದುಕಿ ಕೂತಿದ್ದಳು ಎನ್ನುವುದನ್ನು ಮನೆಯಲ್ಲಿ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಗೂಟ ಆರಿಸಿದ್ದು ಯಾರೆಂದು ಪಂಚಾಯಿತಿಯಲ್ಲಿ ಕೇಳಿದಾಗ ಚಿಕ್ಕಪ್ಪ "ನಾನೇ" ಅಂದರು. ನಾನು ಜಗಲಿಯ ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದೆ. ತಮ್ಮನಿಗೆ ಎಕ್ಸೆಲ್ ತೋರಿಸಿದೆ. ಶೂಟಿಂಗ್ ರೇಂಜ್ ನಡೆಸಲು 2016ರ ನಿಯಮಗಳ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು, ಬೆಳೆ ರಕ್ಷಣೆಯ ಲೈಸೆನ್ಸ್ ಹಿಡಿದು ಗದ್ದೆಯಲ್ಲಿ ರೇಂಜ್ ಮಾಡಲಾಗದು, ಹಾಸನಕ್ಕೆ ಹೋಗಿ ಮೊದಲು ವಿಚಾರಿಸು ಅಂದೆ. ಅವನ ಮುಖ ಸಣ್ಣದಾಯಿತು. ಚಿಕ್ಕಪ್ಪ ಎಲೆ ಅಡಿಕೆ ಜಗಿಯುತ್ತ ಪಕ್ಕದಲ್ಲೇ ಕೂತಿದ್ದರು. ಅವರಿಗೀಗ ಎಪ್ಪತ್ತೆಂಟು. ಏಪ್ರಿಲ್‌ನಲ್ಲಿ ಚುನಾವಣೆಗೆಂದು ಠಾಣೆಯಲ್ಲಿಟ್ಟ ಕೋವಿಯನ್ನು ವಾಪಸ್ ತರಲು ಅವರು ಇನ್ನೂ ಹೋಗಿರಲಿಲ್ಲ.

ಸಂಜೆ ನಾನೊಬ್ಬನೇ ಗದ್ದೆ ಕಡೆ ಹೊರಟಾಗ ಕೋಲೂರಿಕೊಂಡು ಹಿಂದೆಯೇ ಬಂದರು. ಬಂಡೆಯ ಮೇಲೆ ಪಾಚಿ ಬೆಳೆದಿದೆ, ಗುರುತು ಯಾವುದೂ ಸಿಗಲಿಲ್ಲ. ನಾನು ಹುಡುಕುವುದನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲಲ್ಲ ಮಾರಾಯ, ಇನ್ನೂ ಕೆಳಗೆ" ಎಂದು ಕೋಲಿನ ತುದಿಯಿಂದ ತೋರಿಸಿದರು.

"ಚಿಕ್ಕಪ್ಪ, ಅವತ್ತು ಗೂಟ..." ಎಂದೆ.

"ಗೊತ್ತು. ಕೋವಿ ಹಿಡ್ದೋನು ನೋಡ್ಬೇಕಿತ್ತು, ಮುಚ್ಚಳ ಕಟ್ಟಿದ ಹುಡುಗ ಅಲ್ಲ" ಅಂದರು. ಆಮೇಲೆ ಕೋಲನ್ನು ಕೆರೆ ಏರಿಯಾಚೆಗಿನ ಧರೆಯ ಕಡೆ ತಿರುಗಿಸಿ, "ಅವನಿಗೆ ಲೈಸೆನ್ಸ್ ಸಿಕ್ರೆ ಅಲ್ಲಿ ಮಾಡ್ಲಿ. ಮೊದ್ಲು ಮೇಲಿನ ಮನೆಯವರನ್ನ ಕೇಳ್ಕೊಂಡು ಬಾ ಅನ್ನು" ಅಂದರು.

ಮರುದಿನ ಬೆಳಿಗ್ಗೆ ನಾನು ಮತ್ತು ತಮ್ಮ ಮೇಲಿನ ಮನೆಗೆ ಹೋದೆವು. ಮೂವತ್ತೈದು ವರ್ಷಗಳಲ್ಲಿ ಆ ಅಂಗಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಾಫಿ ಕೊಟ್ಟರು.